ಹಳೆಯ ಎನ್‌ಎಎಸ್ ಅನ್ನು ಸರ್ವರ್‌ಗಳಿಂದ ಬಿಡಿಸಿದ ಕೆಲಸದ ಟಿಪ್ಪಣಿ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕಚೇರಿಯಲ್ಲಿ ಎರಡು ಸರ್ವರ್‌ಗಳು ಒಂದೇ ಪೂಲ್ (ಒಟ್ಟಿಗೆ ನಿರ್ವಹಿಸುವ ಗುಂಪು) ಆಗಿ ಕೆಲಸ ಮಾಡುತ್ತಿವೆ. ಎರಡರಲ್ಲೂ ಇರುವುದು ಎಕ್ಸ್‌ಸಿಪಿ-ಎನ್‌ಜಿ 8.2, ಅಂದರೆ ಸಿಟ್ರಿಕ್ಸ್‌ನ ಝೆನ್‌ಸರ್ವರ್‌ನಿಂದ 2018ರಲ್ಲಿ ಕವಲೊಡೆದ, ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷಿನ್‌ಗಳನ್ನು (ತಂತ್ರಾಂಶದ ಕಂಪ್ಯೂಟರ್‌ಗಳನ್ನು) ಓಡಿಸುವ ಮುಕ್ತ ತಂತ್ರಾಂಶ. ಟ್ಯಾಲಿ ಇರುವ ವಿಂಡೋಸ್ ಸರ್ವರ್, ಲಾರಿಗಳ ತೂಕ ಬರೆದಿಡುವ ವೇಬ್ರಿಡ್ಜ್ ತಂತ್ರಾಂಶ, ಬೆಳೆಗಾರರ ಚೀಲಗಳ ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಎಷ್ಟು ಕಾಫಿ ಬಂತೆಂಬ) ವರದಿಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್ ಮತ್ತು ಕಚೇರಿಯ ಫೈಲ್‌ಗಳನ್ನು ಹಂಚುವ ಒಂದು ಚಿಕ್ಕ ಲಿನಕ್ಸ್, ಇವೆಲ್ಲ ಈ ಸರ್ವರ್‌ಗಳ ಮೇಲಿನ ವರ್ಚುವಲ್ ಮಷಿನ್‌ಗಳು. ಇವುಗಳ ಡಿಸ್ಕುಗಳೆಲ್ಲ ಮೊದಲಿನಿಂದಲೂ ನಾಲ್ಕು ಹಾರ್ಡ್‌ಡಿಸ್ಕಿನ ಒಂದು ಎನ್‌ಎಎಸ್ ಪೆಟ್ಟಿಗೆಯಲ್ಲಿ (ಜಾಲದ ಮೂಲಕ ಡಿಸ್ಕಿನ ಜಾಗ ಒದಗಿಸುವ ಪೆಟ್ಟಿಗೆ), ಎನ್‌ಎಫ್‌ಎಸ್ ಎಂಬ ಜಾಲದ ಫೈಲ್ ಹಂಚಿಕೆಯ ಮೂಲಕ ಇದ್ದವು. ಆ ಪೆಟ್ಟಿಗೆಯನ್ನು ಮಳೆಗಾಲ ಹಿಡಿಯುವ ಮೊದಲು ನಿವೃತ್ತಿಗೊಳಿಸುವುದು ನನಗೆ ಒಪ್ಪಿಸಿದ ಕೆಲಸವಾಗಿತ್ತು.

ನಿವೃತ್ತಿಗೆ ಕಾರಣ ಸರಳ. ಒಂದು ಹಾರ್ಡ್‌ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ, ಕೆಟ್ಟ ಜಾಗ ಬಿಟ್ಟು ಬೇರೆಡೆಗೆ ಬದಲಾಯಿಸಿಕೊಂಡ ಸೆಕ್ಟರ್‌ಗಳ ಎಣಿಕೆ ಪ್ರತಿ ಪರಿಶೀಲನೆಯಲ್ಲೂ ಏರುತ್ತಿತ್ತು, ಎರಡನೆಯದೂ ಅದೇ ದಾರಿ ಹಿಡಿದಿತ್ತು. ಜೂನ್ ಬಂದರೆ ಕರೆಂಟಿನ ಹೋಗಿಬರುವಿಕೆ ಶುರುವಾಗುತ್ತದೆ, ಗೋದಾಮಿನ ಗೋಡೆಗೆ ತಾಗಿದ ಸರ್ವರ್ ಕೋಣೆಯಲ್ಲಿ ತೇವವೂ ಏರುತ್ತದೆ. ಅಷ್ಟರೊಳಗೆ ಡಿಸ್ಕುಗಳನ್ನೆಲ್ಲ ಹೊಸ ಎಸ್‌ಎಸ್‌ಡಿ ಸ್ಟೋರೇಜಿಗೆ ಸಾಗಿಸಬೇಕೆಂದು ನಿಶ್ಚಯಿಸಿದೆವು. ಸಾಗಿಸುವ ಭಾಗದ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಈ ಸರ್ವರ್‌ಗಳನ್ನು ಬ್ರೌಸರ್‌ನಿಂದ ನಿರ್ವಹಿಸುವ ಝೆನ್ ಆರ್ಕೆಸ್ಟ್ರಾದಲ್ಲಿ ಡಿಸ್ಕಿನ ಎದುರಿಗಿರುವ ಮೈಗ್ರೇಟ್ ಗುಂಡಿಯನ್ನು ಒತ್ತಿದರೆ, ಮಷಿನ್ ಓಡುತ್ತಿರುವಾಗಲೇ ಡಿಸ್ಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಒಂದು ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್‌ಗಿಂತ ಹೆಚ್ಚು ಹರಿಯದು, ಹಾಗಾಗಿ ಒಂದು ಟೆರಾಬೈಟ್‌ಗೆ ಎರಡೂವರೆ ಗಂಟೆ ಎಂದು ಲೆಕ್ಕ ಹಿಡಿದರೆ ಸಾಕು.

ತೊಡಕು ಶುರುವಾದದ್ದು ಅದರ ನಂತರ. ಎನ್‌ಎಎಸ್‌ನಲ್ಲಿ ಎರಡು ಸ್ಟೋರೇಜ್ ರೆಪಾಸಿಟರಿಗಳಿದ್ದವು. ಇವನ್ನು ಮುಂದೆ ಎಸ್‌ಆರ್ ಎನ್ನುತ್ತೇನೆ. ಒಂದರಲ್ಲಿ ಮಷಿನ್‌ಗಳ ಡಿಸ್ಕುಗಳು, ಇನ್ನೊಂದರಲ್ಲಿ ವಿಂಡೋಸ್, ಲಿನಕ್ಸ್ ಇತ್ಯಾದಿಗಳನ್ನು ಹಾಕಿಕೊಳ್ಳುವ ಐಎಸ್‌ಒ ಫೈಲ್‌ಗಳು. ಮಷಿನ್‌ಗಳೆಲ್ಲ ಹೊಸ ಮನೆಗೆ ಹೋದ ಮೇಲೆ ಮೊದಲನೆಯ ಎಸ್‌ಆರ್‌ಗೆ ಡಿಟ್ಯಾಚ್ (ಬೇರ್ಪಡಿಸು) ಕೊಟ್ಟಾಗ, ಒಂದು ವಿಡಿಐ ಬೇರೆ ಕಾರ್ಯದಲ್ಲಿ ಬಳಕೆಯಲ್ಲಿದೆ ಎಂಬ ಉತ್ತರ ಬಂತು. ಅದನ್ನು ಬಿಟ್ಟು ನೇರವಾಗಿ ಫರ್ಗೆಟ್ (ಮರೆತುಬಿಡು) ಕೊಟ್ಟು ನೋಡಿದರೆ, ಈ ಎಸ್‌ಆರ್ ಇನ್ನೂ ಪಿಬಿಡಿ ಮೂಲಕ ಒಂದು ಹೋಸ್ಟ್‌ಗೆ (ಅಂದರೆ ಸರ್ವರ್‌ಗೆ) ಜೋಡಿಕೊಂಡಿದೆ, ಆದ್ದರಿಂದ ಅದನ್ನು ನಾಶಪಡಿಸಲೂ ಆಗದು, ಮರೆಯಲೂ ಆಗದು ಎಂಬ ಇನ್ನೊಂದು ಉತ್ತರ. ಎರಡನೆಯ ಎಸ್‌ಆರ್ ಒಂದು ಹೋಸ್ಟ್‌ನಿಂದ ಬಿಟ್ಟುಕೊಂಡಿತು, ಇನ್ನೊಂದರಿಂದ ಬಿಡಲಿಲ್ಲ. ಪರದೆಯ ಮೇಲೆ ಅದು ಭಾಗಶಃ ಜೋಡಣೆಯಾದ ಸ್ಥಿತಿಯಲ್ಲಿ ನಿಂತಿತು.

ಇಂಥ ಉತ್ತರಗಳನ್ನು ಓದಿಕೊಳ್ಳಬೇಕಾದರೆ ನಾಲ್ಕು ಹೆಸರುಗಳ ಸಂಬಂಧ ತಿಳಿದಿರಬೇಕು. ಎಸ್‌ಆರ್ ಎನ್ನುವುದು ಪೂಲ್‌ನ ಪುಸ್ತಕದಲ್ಲಿರುವ ಒಂದು ದಾಖಲೆ ಮಾತ್ರ. ಅದನ್ನು ಒಂದೊಂದು ಹೋಸ್ಟ್‌ಗೂ ನಿಜವಾಗಿ ಜೋಡಿಸುವ ಕೊಂಡಿ ಪಿಬಿಡಿ, ಆದ್ದರಿಂದ ಎರಡು ಹೋಸ್ಟ್‌ಗಳ ಪೂಲ್‌ನಲ್ಲಿ ಹಂಚಿಕೆಯ ಎಸ್‌ಆರ್ ಒಂದಕ್ಕೆ ಎರಡು ಪಿಬಿಡಿಗಳಿರುತ್ತವೆ. ಎಸ್‌ಆರ್‌ನ ಒಳಗಿರುವ ಪ್ರತಿಯೊಂದು ಡಿಸ್ಕು ಒಂದು ವಿಡಿಐ. ಆ ಡಿಸ್ಕನ್ನು ಯಾವುದಾದರೂ ಮಷಿನ್‌ಗೆ ಸಿಕ್ಕಿಸುವ ಕೊಂಡಿ ವಿಬಿಡಿ. ಡಿಟ್ಯಾಚ್ ಎಂದರೆ ಎಲ್ಲ ಪಿಬಿಡಿಗಳನ್ನೂ ಕಳಚುವುದು. ಪಿಬಿಡಿ ಕಳಚಬೇಕಾದರೆ ಅದರ ಮೂಲಕ ಯಾವ ವಿಡಿಐಯೂ ಬಳಕೆಯಲ್ಲಿರಬಾರದು, ವಿಡಿಐ ಬಳಕೆಯಿಂದ ಹೊರಬರಬೇಕಾದರೆ ಅದರ ವಿಬಿಡಿ ಕಳಚಬೇಕು. ಇದು ಮೇಲಿನಿಂದ ಕೆಳಕ್ಕೆ ಕಟ್ಟಿದ ಕ್ರಮ, ಬಿಚ್ಚುವಾಗ ಕೆಳಗಿನಿಂದಲೇ ಬರಬೇಕು. ಇದಲ್ಲದೆ ಇನ್ನೂ ಒಂದು ಹಂತವಿದೆ. ಎನ್‌ಎಫ್‌ಎಸ್ ಆದ್ದರಿಂದ ಪಿಬಿಡಿ ಕಳಚುವ ಕೊನೆಯ ಹೆಜ್ಜೆ, ಹೋಸ್ಟ್‌ನ ಲಿನಕ್ಸ್‌ನಲ್ಲಿ ರನ್ ಎಂಬ ಫೋಲ್ಡರಿನ ಎಸ್‌ಆರ್-ಮೌಂಟ್ ಒಳಗೆ ಆ ಎಸ್‌ಆರ್‌ನ ಯುಯುಐಡಿ (ಅದೊಂದಕ್ಕೇ ಸೇರಿದ ಗುರುತಿನ ಸಂಖ್ಯೆ) ಹೆಸರಿನಲ್ಲಿ ಕುಳಿತಿರುವ ಮೌಂಟ್ ಅನ್ನು, ಅಂದರೆ ಎನ್‌ಎಎಸ್‌ನ ಫೋಲ್ಡರನ್ನು ಹೋಸ್ಟ್‌ಗೆ ಸೇರಿಸಿದ ಜೋಡಣೆಯನ್ನು, ಇಳಿಸುವುದು. ಎಕ್ಸ್‌ಸಿಪಿ-ಎನ್‌ಜಿಯ ಪುಸ್ತಕಕ್ಕೆ ಗೊತ್ತೇ ಇಲ್ಲದ ಹಿಡಿತಗಳು ಸಿಗುವುದು ಈ ಕೊನೆಯ ಹಂತದಲ್ಲಿ.

ಅಂತರ್ಜಾಲದಲ್ಲಿ ಹುಡುಕಿದರೆ ಇದಕ್ಕೆ ಮೊದಲು ಸಿಗುವ ಸಲಹೆಗಳು ಎರಡು: ಟೂಲ್‌ಸ್ಟ್ಯಾಕ್ (ಹೋಸ್ಟ್‌ನ ನಿರ್ವಹಣಾ ಸೇವೆಗಳು) ಮರುಚಾಲನೆ ಮಾಡಿ, ಇಲ್ಲವೇ ಮೌಂಟ್ ಇಳಿಸುವ ಯುಮೌಂಟ್ ಆಜ್ಞೆಗೆ ಮೈನಸ್ ಎಲ್ ಸೇರಿಸಿ ಒತ್ತಾಯದಿಂದ ಇಳಿಸಿ. ಎರಡನ್ನೂ ನಾನು ಕೊನೆಗೆ ಇಡುತ್ತೇನೆ. ಟೂಲ್‌ಸ್ಟ್ಯಾಕ್ ಮರುಚಾಲನೆಯಿಂದ ಓಡುತ್ತಿರುವ ಮಷಿನ್‌ಗಳು ನಿಲ್ಲುವುದಿಲ್ಲ ಎಂಬುದು ನಿಜ, ಆದರೆ ಆ ಹೊತ್ತಿಗೆ ನಡೆಯುತ್ತಿರುವ ಎಕ್ಸ್‌ಪೋರ್ಟ್ ಅಥವಾ ಮೈಗ್ರೇಷನ್ ಅರ್ಧಕ್ಕೆ ಕಡಿಯುತ್ತದೆ, ಅದರಿಂದ ಮತ್ತೊಂದು ಅನಾಥ ಕೊಂಡಿ ಹುಟ್ಟಬಹುದು. ಮೈನಸ್ ಎಲ್ ಇನ್ನೂ ಕೆಟ್ಟದ್ದು. ಅದು ಮೌಂಟ್ ಅನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ತೆರೆದ ಫೈಲ್‌ಗಳನ್ನು ಮುಚ್ಚುವುದಿಲ್ಲ. ಮೇಲಿನಿಂದ ನೋಡುವವರಿಗೆ ಕೆಲಸ ಮುಗಿದಂತೆ ಕಾಣುತ್ತದೆ, ಒಳಗೆ ಪ್ರಕ್ರಿಯೆಯೊಂದು ಆ ಫೈಲನ್ನು ಹಿಡಿದೇ ಇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ತೋಟಕ್ಕೆ ಇಳಿದವರು ಕಾಲಿಗೆ ಹತ್ತಿದ ಜಿಗಣೆಯನ್ನು ಎಳೆದು ಕೀಳದೆ, ಉಪ್ಪು ಮುಟ್ಟಿಸಿ ತಾನಾಗಿ ಬಿಡುವಂತೆ ಮಾಡುತ್ತಾರೆ. ಇಲ್ಲಿಯೂ ಮಾಡಬೇಕಾದದ್ದು ಅಷ್ಟೇ, ಹಿಡಿದಿರುವುದು ಯಾರು ಎಂದು ಮೊದಲು ತಿಳಿಯಬೇಕು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕಚೇರಿಯ ಮ್ಯಾನೇಜರ್ ಕೇಳಿದ್ದು ಅದನ್ನೇ.

“ಡಿಸ್ಕೆಲ್ಲ ಹೊಸದಕ್ಕೆ ಹೋಯ್ತಲ್ಲ, ಹಳೇ ಪೆಟ್ಟಿಗೆ ಸ್ವಿಚ್ ಆಫ್ ಮಾಡಿದ್ರೆ ಮುಗೀಲಿಲ್ವಾ?”

“ಈಗ ಆಫ್ ಮಾಡೋದು ಬೇಡ ಸರ್. ಅದು ಜೀವಂತ ಇರೋವಾಗ್ಲೇ ಬಿಡಿಸ್ಕೋಬೇಕು” ಎಂದೆ.

ಕಾರಣವಿದೆ. ಝೆನ್‌ಸರ್ವರ್ ಪರಂಪರೆಯಲ್ಲಿ ಎನ್‌ಎಫ್‌ಎಸ್ ಎಸ್‌ಆರ್‌ಗಳು ಸಾಫ್ಟ್ ಮೌಂಟ್ ಆಗಿ ಕೂರುತ್ತವೆ, ಅಂದರೆ ಎದುರಿನಿಂದ ಉತ್ತರ ಬರದಿದ್ದರೆ ಒಂದು ಅವಧಿ ಕಾದು ದೋಷ ಹಿಂದಿರುಗಿಸುತ್ತವೆ. ಆದರೆ ಆ ಕಾಯುವಿಕೆಯೇ ಪ್ರತಿಯೊಂದು ಆಜ್ಞೆಯನ್ನೂ ಎಳೆಯುತ್ತದೆ. ಎನ್‌ಎಎಸ್ ಆರಿಸಿದ ಮೇಲೆ ಡಿಸ್ಕಿನ ಜಾಗ ತೋರಿಸುವ ಡಿಎಫ್ ಆಜ್ಞೆ ಕೊಟ್ಟರೆ ಡಿಎಫ್ ನಿಲ್ಲುತ್ತದೆ, ಎಸ್‌ಆರ್ ಸ್ಕ್ಯಾನ್ ನಿಲ್ಲುತ್ತದೆ, ಯಾರು ಹಿಡಿದಿದ್ದಾರೆ ಎಂದು ಕೇಳುವ ಆಜ್ಞೆಯೂ ನಿಲ್ಲುತ್ತದೆ. ಬಿಡಿಸಲು ಬೇಕಾದ ಮಾಹಿತಿ ಆ ಪೆಟ್ಟಿಗೆ ಉತ್ತರಿಸುತ್ತಿರುವಾಗ ಮಾತ್ರ ಸುಲಭವಾಗಿ ದೊರೆಯುತ್ತದೆ.

ಮೊದಲ ಹೆಜ್ಜೆಯಾಗಿ ಹಳೆಯ ಎಸ್‌ಆರ್‌ನಲ್ಲಿ ಉಳಿದಿದ್ದ ವಿಡಿಐಗಳ ಪಟ್ಟಿಯನ್ನು, ಅಂದರೆ ಎಕ್ಸ್‌ಇ ವಿಡಿಐ-ಲಿಸ್ಟ್ ಆಜ್ಞೆಗೆ ಎಸ್‌ಆರ್‌ನ ಯುಯುಐಡಿ ಕೊಟ್ಟು ಬಂದದ್ದನ್ನು, ಹೆಸರು ಮತ್ತು ಯುಯುಐಡಿ ಎರಡೂ ಇರುವಂತೆ ಒಂದು ಫೈಲ್‌ಗೆ ಬರೆಸಿ ನನ್ನ ಲ್ಯಾಪ್‌ಟಾಪಿಗೆ ತೆಗೆದುಕೊಂಡೆ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಎನ್‌ಎಫ್‌ಎಸ್ ಎಸ್‌ಆರ್‌ನಲ್ಲಿ ಪ್ರತಿ ಡಿಸ್ಕು ತನ್ನ ಯುಯುಐಡಿಯನ್ನೇ ಹೆಸರಾಗಿಟ್ಟುಕೊಂಡ ಒಂದು ವಿಎಚ್‌ಡಿ (ವರ್ಚುವಲ್ ಡಿಸ್ಕಿನ) ಫೈಲ್. ‘ಟ್ಯಾಲಿ ಸಿ ಡ್ರೈವ್’ ಎಂದು ನಾವು ಕೊಟ್ಟ ಹೆಸರು ಇರುವುದು ಪೂಲ್‌ನ ಡೇಟಾಬೇಸ್‌ನಲ್ಲಿ, ಎನ್‌ಎಎಸ್‌ನಲ್ಲಿ ಅಲ್ಲ. ಎಸ್‌ಆರ್ ಅನ್ನು ಒಮ್ಮೆ ಫರ್ಗೆಟ್ ಮಾಡಿ, ನಂತರ ಏನೋ ಬೇಕೆಂದು ಮತ್ತೆ ಜೋಡಿಸಿದರೆ ಡಿಸ್ಕುಗಳು ಹೆಸರಿಲ್ಲದೆ ಹಿಂದಿರುಗುತ್ತವೆ. ಹತ್ತಾರು ಅನಾಮಧೇಯ ಫೈಲ್‌ಗಳ ನಡುವೆ ಬೇಕಾದದ್ದನ್ನು ಗಾತ್ರ ನೋಡಿ ಊಹಿಸುತ್ತ ಕೂರುವುದಕ್ಕಿಂತ ಒಂದು ಪುಟದ ಪಟ್ಟಿ ಮೇಲು.

ಪಟ್ಟಿಯಲ್ಲಿ ಹಳೆಯ ಸ್ನ್ಯಾಪ್‌ಶಾಟ್‌ಗಳ (ಮಷಿನ್‌ನ ಒಂದು ಕ್ಷಣದ ಸ್ಥಿತಿಯ ಪ್ರತಿಗಳ) ಡಿಸ್ಕುಗಳು, ಒಂದು ಸಸ್ಪೆಂಡ್ ಇಮೇಜ್ ಮತ್ತು ಯಾವ ಮಷಿನ್‌ಗೂ ಸೇರದಂತೆ ಕಾಣುವ ಕೆಲವು ವಿಡಿಐಗಳು ಇದ್ದವು. ಈ ಕೊನೆಯವುಗಳ ಮೇಲೆ ಅನುಮಾನ ಬಂದು, ಪ್ರತಿಯೊಂದಕ್ಕೂ ವಿಬಿಡಿ-ಲಿಸ್ಟ್ ಕೇಳಿ, ಈಗ ಜೋಡಣೆಯಲ್ಲಿದೆ ಎಂಬ ಗುರುತು ಇರುವುದನ್ನು ಮಾತ್ರ ಸೋಸಿದೆ. ಎರಡು ಸಿಕ್ಕವು. ಎರಡರ ಮಾಲೀಕನೂ ಸಾಮಾನ್ಯ ವರ್ಚುವಲ್ ಮಷಿನ್ ಆಗಿರಲಿಲ್ಲ, ಎರಡನೆಯ ಹೋಸ್ಟ್‌ನ ಕಂಟ್ರೋಲ್ ಡೊಮೈನ್ ಆಗಿತ್ತು.

ಕಂಟ್ರೋಲ್ ಡೊಮೈನ್ ಅಥವಾ ಡೊಮ್-ಝೀರೋ ಎಂದರೆ ಹೋಸ್ಟ್ ಅನ್ನೇ ನಡೆಸುವ ವಿಶೇಷ ಲಿನಕ್ಸ್. ಮಷಿನ್‌ಗಳ ಸಾಮಾನ್ಯ ಪಟ್ಟಿಯಲ್ಲಿ ಅದು ಎದ್ದು ಕಾಣುವುದಿಲ್ಲ, ಹಾಗಾಗಿ ಎಲ್ಲ ಮಷಿನ್‌ಗಳನ್ನು ಸಾಗಿಸಿದೆ ಎಂದು ತೃಪ್ತರಾದವರ ಕಣ್ಣಿಗೆ ಇದು ಬೀಳದು. ಡಿಸ್ಕುಗಳು ಅದಕ್ಕೆ ಏಕೆ ಸಿಕ್ಕಿಕೊಳ್ಳುತ್ತವೆ ಎಂದರೆ, ಬ್ಯಾಕಪ್ ನಡೆಯುವಾಗ ಸ್ನ್ಯಾಪ್‌ಶಾಟ್‌ನ ಡಿಸ್ಕನ್ನು ಓದಿ ಹೊರಗೆ ಕಳುಹಿಸುವ ಕೆಲಸ ಈ ಡೊಮ್-ಝೀರೋ ಮೂಲಕವೇ ಆಗುತ್ತದೆ. ಬ್ಯಾಕಪ್ ಮುಗಿದಾಗ ಕೊಂಡಿ ತಾನಾಗಿ ಕಳಚುತ್ತದೆ. ಬ್ಯಾಕಪ್ ನಡುವೆ ಜಾಲವೋ ಎನ್‌ಎಎಸ್ಸೋ ಕೈಕೊಟ್ಟರೆ ಕೊಂಡಿ ಉಳಿದುಬಿಡುತ್ತದೆ. ಇಲ್ಲಿ ಸ್ವಿಚ್ ಮತ್ತು ಎನ್‌ಎಎಸ್ ಒಂದು ಚಿಕ್ಕ ಯುಪಿಎಸ್‌ಗೆ, ಸರ್ವರ್‌ಗಳು ದೊಡ್ಡದಕ್ಕೆ ಜೋಡಣೆಯಾಗಿದ್ದವು. ರಾತ್ರಿ ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಚಿಕ್ಕದು ಸೋತರೆ, ಸರ್ವರ್‌ಗಳು ಎದ್ದೇ ಇರುತ್ತವೆ, ಅವುಗಳ ಡಿಸ್ಕು ಮಾತ್ರ ಮಾಯವಾಗುತ್ತದೆ. ಬ್ಯಾಕಪ್ ವರದಿಯಲ್ಲಿ ಅಂಥ ಒಂದು ರಾತ್ರಿಯ ವೈಫಲ್ಯ ದಾಖಲಾಗಿತ್ತು, ಎರಡೂ ಅನಾಥ ಕೊಂಡಿಗಳ ಸ್ನ್ಯಾಪ್‌ಶಾಟ್‌ಗಳು ಅದೇ ರಾತ್ರಿಯವು. ಝೆನ್ ಆರ್ಕೆಸ್ಟ್ರಾದ ಹೆಲ್ತ್ ಪುಟದಲ್ಲಿ ಕಂಟ್ರೋಲ್ ಡೊಮೈನ್‌ಗೆ ಸಿಕ್ಕಿಕೊಂಡ ವಿಡಿಐಗಳಿಗೆಂದೇ ಒಂದು ಪ್ರತ್ಯೇಕ ಪಟ್ಟಿ ಇದೆ. ತಯಾರಕರು ಅದಕ್ಕೊಂದು ಜಾಗ ಮಾಡಿಟ್ಟಿದ್ದಾರೆ ಎಂದರೆ ಈ ತೊಂದರೆ ಎಷ್ಟು ಸಾಮಾನ್ಯ ಎಂದು ಊಹಿಸಬಹುದು.

ಅನಾಥ ಎಂದು ತೋರುವುದೆಲ್ಲ ಅನಾಥವಲ್ಲ, ಆದ್ದರಿಂದ ಕಳಚುವ ಮೊದಲು ಇನ್ನೊಂದು ಪರೀಕ್ಷೆ ಮಾಡುವುದು ಅಗತ್ಯ. ಎರಡನೆಯ ಹೋಸ್ಟ್‌ನ ಶೆಲ್‌ನಲ್ಲಿ ಟ್ಯಾಪ್-ಸಿಟಿಎಲ್ ಲಿಸ್ಟ್ ಕೊಟ್ಟಾಗ, ಆ ಹೋಸ್ಟ್ ತೆರೆದಿಟ್ಟಿರುವ ಪ್ರತಿಯೊಂದು ವರ್ಚುವಲ್ ಡಿಸ್ಕಿಗೂ ಒಂದು ಸಾಲು ಬರುತ್ತದೆ. ಪ್ರಕ್ರಿಯೆಯ ಸಂಖ್ಯೆ, ಮೈನರ್ ಸಂಖ್ಯೆ, ಸ್ಥಿತಿ, ಕೊನೆಯಲ್ಲಿ ವಿಎಚ್‌ಡಿ ಫೈಲಿನ ಪೂರ್ಣ ದಾರಿ. ಹೊಸ ಸ್ಟೋರೇಜಿನ ದಾರಿ ಇರುವ ಸಾಲುಗಳ ನಡುವೆ ಹಳೆಯ ಎಸ್‌ಆರ್‌ನ ಯುಯುಐಡಿ ಇರುವ ಸಾಲುಗಳು ಎರಡೇ ಎರಡು, ನನ್ನ ಪಟ್ಟಿಯಲ್ಲಿದ್ದ ವಿಡಿಐಗಳವೇ. ಝೆನ್ ಆರ್ಕೆಸ್ಟ್ರಾದಲ್ಲಿ ಆಗ ಯಾವ ಬ್ಯಾಕಪ್ಪೂ ಓಡುತ್ತಿರಲಿಲ್ಲ, ಟಾಸ್ಕ್-ಲಿಸ್ಟ್ ಖಾಲಿ, ಎರಡೂ ಫೈಲ್‌ಗಳ ಬದಲಾವಣೆಯ ಸಮಯ ಆ ಕೆಟ್ಟ ರಾತ್ರಿಯ ನಂತರ ಮುಂದಕ್ಕೆ ಸರಿದಿರಲಿಲ್ಲ. ಈ ಮೂರೂ ಒಂದೇ ಮಾತನ್ನು ಹೇಳಿದ ಮೇಲೆ ಕಳಚಲು ಅಡ್ಡಿಯಿಲ್ಲವೆಂದು ತೀರ್ಮಾನಿಸಿದೆ.

ವಿಬಿಡಿ-ಅನ್‌ಪ್ಲಗ್, ಅದರ ಹಿಂದೆಯೇ ವಿಬಿಡಿ-ಡಿಸ್ಟ್ರಾಯ್. ಹೆಸರಿನಲ್ಲಿ ಡಿಸ್ಟ್ರಾಯ್ ಇರುವುದರಿಂದ ಕೈ ನಡುಗುವವರಿಗೆ ಒಂದು ಸ್ಪಷ್ಟನೆ: ವಿಬಿಡಿಯನ್ನು ನಾಶಪಡಿಸುವುದೆಂದರೆ ಡಿಸ್ಕು ಮತ್ತು ಮಷಿನ್ ನಡುವಿನ ಕೊಂಡಿಯನ್ನು ಅಳಿಸುವುದು, ಡಿಸ್ಕಿನ ಮಾಹಿತಿಗೆ ಏನೂ ಆಗುವುದಿಲ್ಲ. ಎರಡೇ ಅಕ್ಷರ ಬದಲಾಗಿ ವಿಡಿಐ-ಡಿಸ್ಟ್ರಾಯ್ ಆದರೆ ಮಾತ್ರ ಡಿಸ್ಕೇ ಹೋಗುತ್ತದೆ, ಆದ್ದರಿಂದ ಈ ಆಜ್ಞೆಗಳನ್ನು ಹಳೆಯ ಆಜ್ಞೆಯನ್ನು ಮೇಲಿನ ಬಾಣದ ಕೀಲಿಯಿಂದ ಕರೆಸಿ ತಿದ್ದುವ ಬದಲು ಪ್ರತಿ ಸಲವೂ ಹೊಸದಾಗಿ ಬರೆಯುವುದು ಒಳ್ಳೆಯದು. ಮೊದಲನೆಯದು ತಕ್ಷಣ ಕಳಚಿತು. ಎರಡನೆಯದು ಸ್ವಲ್ಪ ಹೊತ್ತು ಕಾಯಿಸಿ ಕಳಚಿತು, ಮತ್ತೆ ಟ್ಯಾಪ್-ಸಿಟಿಎಲ್ ಕೇಳಿದಾಗ ಹಳೆಯ ಎಸ್‌ಆರ್‌ನ ಸಾಲುಗಳು ಮಾಯವಾಗಿದ್ದವು.

ಕಳಚದೇ ಹೋಗಿದ್ದರೆ ಏನು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಬರೆದಿಡುವುದು ಉಪಯುಕ್ತ. ಹೋಸ್ಟ್ ಒಂದು ಹಠಾತ್ತನೆ ಸತ್ತು ಎದ್ದಿದ್ದರೆ, ಡಿಸ್ಕನ್ನು ತೆರೆದಿಡುವ ಟ್ಯಾಪ್‌ಡಿಸ್ಕ್ ಪ್ರಕ್ರಿಯೆ ಇಲ್ಲದಿದ್ದರೂ ವಿಡಿಐನ ದಾಖಲೆಯಲ್ಲಿ ಇದನ್ನು ಇಂಥ ಹೋಸ್ಟ್ ಓದು-ಬರಹಕ್ಕೆ ತೆರೆದಿದೆ ಎಂಬ ಗುರುತು ಉಳಿದಿರುತ್ತದೆ. ಅದನ್ನು ತೆಗೆಯಲು ಹೋಸ್ಟ್‌ನಲ್ಲಿ ಆಪ್ಟ್ ಫೋಲ್ಡರಿನ ಕೆಳಗೆ, ಝೆನ್‌ಸೋರ್ಸ್ ಎಂಬುದರ ಎಸ್‌ಎಮ್ ಒಳಗೆ, ರೀಸೆಟ್‌ವಿಡಿಐಸ್ ಎಂಬ ಪೈಥಾನ್ ಸ್ಕ್ರಿಪ್ಟ್ ಇದೆ. ಅದು ನಾವು ಹೇಳಿದ್ದನ್ನು ನಂಬುವ ಸ್ಕ್ರಿಪ್ಟ್. ನಿಜಕ್ಕೂ ಇನ್ನೊಂದು ಹೋಸ್ಟ್ ಆ ಡಿಸ್ಕಿಗೆ ಬರೆಯುತ್ತಿರುವಾಗ ಗುರುತನ್ನು ಅಳಿಸಿ ಬೇರೆ ಕಡೆ ತೆರೆದರೆ, ಎರಡು ಕಡೆಯಿಂದ ಬರೆಸಿಕೊಂಡು ಡಿಸ್ಕು ಹಾಳಾಗುತ್ತದೆ. ಎರಡೂ ಹೋಸ್ಟ್‌ಗಳಲ್ಲಿ ಟ್ಯಾಪ್-ಸಿಟಿಎಲ್ ನೋಡದೆ ಅದರ ಹತ್ತಿರ ಹೋಗಬಾರದು. ಇಲ್ಲಿ ಅದರ ಅವಶ್ಯಕತೆ ಬೀಳಲಿಲ್ಲ.

ಇನ್ನು ಸಸ್ಪೆಂಡ್ ಇಮೇಜ್. ವೇಬ್ರಿಡ್ಜ್ ತಂತ್ರಾಂಶದ ಹಳೆಯ ಆವೃತ್ತಿ ಇದ್ದ ಮಷಿನ್ ಒಂದನ್ನು, ಬೇಕಾದರೆ ಇರಲಿ ಎಂದು ಯಾರೋ ಸಸ್ಪೆಂಡ್ ಮಾಡಿ ಇಟ್ಟಿದ್ದರು. ಸಸ್ಪೆಂಡ್ ಆದ ಮಷಿನ್‌ನ ಮೆಮೊರಿ ಒಂದು ಪ್ರತ್ಯೇಕ ವಿಡಿಐ ಆಗಿ ಬರೆಯಲ್ಪಡುತ್ತದೆ, ಅದು ಹಳೆಯ ಎಸ್‌ಆರ್‌ನಲ್ಲೇ ಇತ್ತು. ಇದು ಡಿಟ್ಯಾಚ್ ಅನ್ನು ತಡೆಯುವುದಿಲ್ಲ, ಏಕೆಂದರೆ ಮಲಗಿರುವ ಮಷಿನ್ ಅದನ್ನು ತೆರೆದಿಟ್ಟಿರುವುದಿಲ್ಲ. ತಡೆಯದೇ ಇರುವುದೇ ಅಪಾಯ, ಎಸ್‌ಆರ್ ಹೋದ ಮೇಲೆ ಆ ಮಷಿನ್ ಎಂದಿಗೂ ಏಳಲಾರದು, ಎಬ್ಬಿಸಲು ಹೋದ ದಿನವೇ ಅದು ತಿಳಿಯುತ್ತದೆ. ಎಬ್ಬಿಸಿ, ಒಳಗಿನಿಂದ ಸರಿಯಾಗಿ ಶಟ್‌ಡೌನ್ ಮಾಡಿ, ಡಿಸ್ಕನ್ನು ಹೊಸ ಸ್ಟೋರೇಜಿಗೆ ಸಾಗಿಸಿದ ಮೇಲೆ ಆ ವಿಡಿಐ ತಾನಾಗಿ ಪಟ್ಟಿಯಿಂದ ಹೋಯಿತು. ಅದೇ ಕೈಯಲ್ಲಿ ಪೂಲ್‌ನ ಮೂರು ಗುರುತುಗಳನ್ನೂ ನೋಡಿದೆ: ಡೀಫಾಲ್ಟ್ ಎಸ್‌ಆರ್, ಸಸ್ಪೆಂಡ್ ಇಮೇಜ್ ಎಸ್‌ಆರ್, ಕ್ರ್ಯಾಶ್ ಡಂಪ್ ಎಸ್‌ಆರ್. ಮೂರೂ ಹಳೆಯದನ್ನೇ ತೋರಿಸುತ್ತಿದ್ದವು, ಮೂರನ್ನೂ ಹೊಸದಕ್ಕೆ ತಿರುಗಿಸಿದೆ. ಹೋಸ್ಟ್ ಸತ್ತರೆ ಮಷಿನ್‌ಗಳನ್ನು ಇನ್ನೊಂದರಲ್ಲಿ ಎಬ್ಬಿಸುವ ಹೈ ಅವೈಲಬಿಲಿಟಿ ಚಾಲೂ ಇರುವ ಪೂಲ್ ಆಗಿದ್ದರೆ ಅದರ ಸ್ಟೇಟ್‌ಫೈಲ್ ಎಲ್ಲಿದೆ ಎಂದೂ ನೋಡಬೇಕಾಗುತ್ತಿತ್ತು. ಎರಡೇ ಹೋಸ್ಟ್‌ಗಳ ಈ ಪೂಲ್‌ನಲ್ಲಿ ಅದನ್ನು ಚಾಲೂ ಮಾಡಿರಲಿಲ್ಲ.

ಆಮೇಲೆ ಪಿಬಿಡಿ-ಅನ್‌ಪ್ಲಗ್. ಪೂಲ್ ಮಾಸ್ಟರ್‌ನದನ್ನು (ಪೂಲ್ ಅನ್ನು ನಡೆಸುವ ಮೊದಲನೆಯ ಹೋಸ್ಟ್‌ನದನ್ನು) ಕೊನೆಗೆ ಕಳಚುವುದು ನನ್ನ ರೂಢಿ, ಏಕೆಂದರೆ ಹಂಚಿಕೆಯ ಎಸ್‌ಆರ್‌ನಲ್ಲಿ ಅಳಿಸಿದ ಸ್ನ್ಯಾಪ್‌ಶಾಟ್‌ಗಳನ್ನು ಒಗ್ಗೂಡಿಸಿ ಜಾಗ ಬಿಡಿಸುವ ಹಿನ್ನೆಲೆಯ ಕೆಲಸ ನಡೆಯುವುದು ಮಾಸ್ಟರ್‌ನಲ್ಲೇ. ಒಂದು ಕಿಟಕಿಯಲ್ಲಿ ಆಜ್ಞೆ, ಇನ್ನೊಂದರಲ್ಲಿ ಸ್ಟೋರೇಜಿನ ಲಾಗ್ ಆದ ಎಸ್‌ಎಮ್‌ಲಾಗ್ ಫೈಲಿಗೆ ಹೊಸದಾಗಿ ಸೇರುವ ಸಾಲುಗಳನ್ನು ತೆರೆದಿಟ್ಟುಕೊಂಡು ನೋಡಿದರೆ ಏನಾಗುತ್ತಿದೆ ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಆ ಹಿನ್ನೆಲೆಯ ಕೆಲಸವನ್ನು ನಿಲ್ಲಿಸಲಾಗುತ್ತಿದೆ ಎಂಬ ಸಾಲು ಮೊದಲು, ಅನ್‌ಮೌಂಟ್ ಆಮೇಲೆ. ಮೊದಲನೆಯ ಎಸ್‌ಆರ್ ಎರಡೂ ಹೋಸ್ಟ್‌ಗಳಿಂದ ತಕರಾರಿಲ್ಲದೆ ಬಿಟ್ಟುಕೊಂಡಿತು.

ಐಎಸ್‌ಒ ಎಸ್‌ಆರ್ ಅಷ್ಟು ಸುಲಭವಾಗಿರಲಿಲ್ಲ. ಇಂಥಲ್ಲಿ ಎಲ್ಲರೂ ಮೊದಲು ನೋಡಬೇಕಾದದ್ದು ಮಷಿನ್‌ಗಳ ಸಿಡಿ ಡ್ರೈವ್. ವಿಂಡೋಸ್ ಹಾಕಿದ ದಿನ ಸಿಕ್ಕಿಸಿದ ಐಎಸ್‌ಒ ವರ್ಷಗಟ್ಟಲೆ ಅಲ್ಲೇ ಉಳಿದಿರುವುದು ಅಪರೂಪವಲ್ಲ. ಟ್ಯಾಲಿ ಮಷಿನ್‌ನಲ್ಲಿ ಹಾಗೆಯೇ ಇತ್ತು, ವಿಎಮ್-ಸಿಡಿ-ಇಜೆಕ್ಟ್ ಕೊಟ್ಟು ಹೊರತೆಗೆದೆ. ಅದಾದ ಮೇಲೆ ಪುಸ್ತಕದ ಪ್ರಕಾರ ಯಾವ ಹಿಡಿತವೂ ಉಳಿದಿರಲಿಲ್ಲ. ಮಾಸ್ಟರ್‌ನ ಕೊಂಡಿ ಮೊದಲೇ ಕಳಚಿತ್ತು, ಎರಡನೆಯ ಹೋಸ್ಟ್‌ನದು ಮಾತ್ರ ಪ್ರತಿ ಸಲವೂ ವಿಫಲವಾಗುತ್ತಿತ್ತು, ಎಸ್‌ಎಮ್‌ಲಾಗ್‌ನಲ್ಲಿ ಡಿವೈಸ್ ಈಸ್ ಬ್ಯುಸಿ ಎಂಬ ಲಿನಕ್ಸ್‌ನ ಹಳೆಯ ಉತ್ತರ ಕಾಣುತ್ತಿತ್ತು. ಅಂದರೆ ತಡೆ ಇರುವುದು ಎಕ್ಸ್‌ಸಿಪಿ-ಎನ್‌ಜಿಯಲ್ಲಿ ಅಲ್ಲ, ಅದರ ಕೆಳಗಿನ ಲಿನಕ್ಸ್‌ನಲ್ಲಿ.

ಆ ಮೌಂಟ್ ದಾರಿಯನ್ನು ಕೊಟ್ಟು, ಯಾವ ಪ್ರಕ್ರಿಯೆ ಹಿಡಿದಿದೆ ಎಂದು ತೋರಿಸುವ ಫ್ಯೂಸರ್ ಆಜ್ಞೆಯನ್ನು ಕೇಳಿದೆ. ಸಾಮಾನ್ಯವಾಗಿ ಇಲ್ಲಿ ಉತ್ತರ ಸಿಗುತ್ತದೆ, ಯಾರೋ ಆ ಫೋಲ್ಡರಿನ ಒಳಗೆ ಹೊಕ್ಕು ತೆರೆದೇ ಬಿಟ್ಟುಹೋದ ಶೆಲ್ಲೋ, ನಿಲ್ಲದ ಕಾಪಿಯೋ ಹೆಸರು ಹೇಳಿಕೊಳ್ಳುತ್ತದೆ. ಇಲ್ಲಿ ಏನೂ ಬರಲಿಲ್ಲ. ತೆರೆದ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಕೂಡ ಖಾಲಿ. ಬಹಳ ಮಂದಿ ಮೈನಸ್ ಎಲ್‌ಗೆ ಕೈಹಾಕುವುದು ಈ ಘಟ್ಟದಲ್ಲಿ, ಹಿಡಿದವರು ಯಾರೂ ಇಲ್ಲ, ಲಿನಕ್ಸ್‌ಗೆ ಭ್ರಮೆ ಎಂದು ಭಾವಿಸಿ. ಲಿನಕ್ಸ್‌ಗೆ ಇಂಥ ಭ್ರಮೆ ಆಗುವುದು ತೀರ ಕಡಿಮೆ. ಫ್ಯೂಸರ್ ಮತ್ತು ಎಲ್‌ಎಸ್‌ಒಎಫ್ ತೋರಿಸುವುದು ಪ್ರಕ್ರಿಯೆಗಳನ್ನು ಮಾತ್ರ. ಒಂದು ಫೈಲನ್ನು ಪ್ರಕ್ರಿಯೆಯ ಬದಲು ಕರ್ನಲ್ಲೇ (ಲಿನಕ್ಸ್‌ನ ತಿರುಳೇ) ಹಿಡಿದಿದ್ದರೆ ಅವೆರಡೂ ಸುಮ್ಮನಿರುತ್ತವೆ. ಕರ್ನಲ್ ಹಿಡಿಯುವ ರೀತಿಗಳು ಬೆರಳೆಣಿಕೆಯವು: ಆ ಮೌಂಟ್‌ನ ಒಳಗೆ ಇನ್ನೊಂದು ಮೌಂಟ್ ಕೂತಿರಬಹುದು, ಅಲ್ಲಿನ ಫೈಲೊಂದು ಸ್ವಾಪ್ (ಮೆಮೊರಿಗೆ ಪೂರಕ ಜಾಗ) ಆಗಿರಬಹುದು, ಇಲ್ಲವೇ ಫೈಲೊಂದು ಲೂಪ್ ಡಿವೈಸ್ (ಫೈಲನ್ನೇ ಡಿಸ್ಕಿನಂತೆ ತೋರಿಸುವ ಸಾಧನ) ಆಗಿ ತೆರೆದುಕೊಂಡಿರಬಹುದು.

ಲೂಪ್ ಡಿವೈಸ್‌ಗಳ ಪಟ್ಟಿ ಕೊಡುವ ಲೋಸೆಟಪ್ ಮೈನಸ್ ಎ ಕೊಟ್ಟಾಗ ಒಂದೇ ಒಂದು ಸಾಲು ಬಂತು. ಲೂಪ್ ಸೊನ್ನೆ, ಅದರ ಮುಂದೆ ಇದೇ ಐಎಸ್‌ಒ ಎಸ್‌ಆರ್‌ನ ದಾರಿ, ಕೊನೆಯಲ್ಲಿ ಸರ್ವರ್ ತಯಾರಕರ ಫರ್ಮ್‌ವೇರ್ ಪರಿಕರಗಳ ಐಎಸ್‌ಒ ಹೆಸರು. ಮೌಂಟ್‌ಗಳ ಪಟ್ಟಿ ಕೊಡುವ ಫೈಂಡ್‌ಎಂಎನ್‌ಟಿಯಲ್ಲಿ ನೋಡಿದರೆ ಆ ಲೂಪ್ ಡಿವೈಸ್ ಎಂಎನ್‌ಟಿ ಫೋಲ್ಡರಿನ ಒಳಗೆ, ಎಫ್‌ಡಬ್ಲ್ಯೂ ಎಂಬ ಹೆಸರಿನಲ್ಲಿ ಮೌಂಟ್ ಆಗಿ ಕೂತಿತ್ತು. ಹಿಂದೆ ಯಾರೋ ಸರ್ವರ್‌ನ ಡಿಸ್ಕುಗಳನ್ನು ನಿಯಂತ್ರಿಸುವ ರೇಡ್ ಕಾರ್ಡಿನ ಫರ್ಮ್‌ವೇರ್ ಏರಿಸಲು ಆ ಐಎಸ್‌ಒವನ್ನು ನೇರವಾಗಿ ಡೊಮ್-ಝೀರೋದಲ್ಲಿ ಮೌಂಟ್ ಮಾಡಿ, ಕೆಲಸ ಮುಗಿಸಿ ಹಾಗೆಯೇ ಹೋಗಿದ್ದರು. ಹೋಸ್ಟ್ ಅಂದಿನಿಂದ ಮರುಚಾಲನೆಯಾಗಿರಲಿಲ್ಲ. ಐಎಸ್‌ಒವನ್ನು ಮಷಿನ್‌ನ ಸಿಡಿ ಡ್ರೈವ್‌ಗೆ ಸಿಕ್ಕಿಸದೆ ಹೋಸ್ಟ್‌ನಲ್ಲೇ ತೆರೆದದ್ದರಿಂದ ಎಕ್ಸ್‌ಸಿಪಿ-ಎನ್‌ಜಿಯ ಪುಸ್ತಕದಲ್ಲಿ ಅದರ ಗುರುತೇ ಇರಲಿಲ್ಲ. ಎಂಎನ್‌ಟಿಯಲ್ಲಿದ್ದದ್ದನ್ನು ಇಳಿಸಿದೊಡನೆ ಲೂಪ್ ಡಿವೈಸ್ ತಾನಾಗಿ ಬಿಟ್ಟುಕೊಂಡಿತು, ಲೋಸೆಟಪ್ ಖಾಲಿಯಾಯಿತು, ಪಿಬಿಡಿ-ಅನ್‌ಪ್ಲಗ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮೈನಸ್ ಎಲ್ ಕೊಟ್ಟಿದ್ದರೆ ಆ ಲೂಪ್ ಡಿವೈಸ್ ಎನ್‌ಎಎಸ್‌ನ ಜೊತೆಗಿನ ಸಂಪರ್ಕವನ್ನು ಮರೆಯಲ್ಲಿ ಹಿಡಿದೇ ಇರುತ್ತಿತ್ತು, ಪೆಟ್ಟಿಗೆ ಆರಿಸಿದ ಮೇಲೆ ಹೋಸ್ಟ್‌ನ ಲಾಗ್‌ನಲ್ಲಿ ಎನ್‌ಎಫ್‌ಎಸ್ ಸರ್ವರ್ ಉತ್ತರಿಸುತ್ತಿಲ್ಲ ಎಂಬ ಸಾಲುಗಳು ಕಾರಣ ತಿಳಿಯದೆ ಬರುತ್ತಿದ್ದವು.

ಎರಡೂ ಎಸ್‌ಆರ್‌ಗಳು ಈಗ ಬೇರ್ಪಟ್ಟ ಸ್ಥಿತಿಯಲ್ಲಿದ್ದವು. ಉಳಿದದ್ದು ಆಯ್ಕೆಯ ಪ್ರಶ್ನೆ: ಫರ್ಗೆಟ್ಟೋ ಡಿಸ್ಟ್ರಾಯೋ. ಫರ್ಗೆಟ್ ಪೂಲ್‌ನ ಪುಸ್ತಕದಿಂದ ದಾಖಲೆಯನ್ನು ತೆಗೆಯುತ್ತದೆ, ಎನ್‌ಎಎಸ್‌ನಲ್ಲಿರುವ ಫೈಲ್‌ಗಳನ್ನು ಮುಟ್ಟುವುದಿಲ್ಲ. ಡಿಸ್ಟ್ರಾಯ್ ಇರುವುದು ಸ್ಟೋರೇಜನ್ನೇ ಅಳಿಸಲು. ಎಂಥ ಖಚಿತ ಸಾಗಣೆಯ ನಂತರವೂ ನಾನು ಫರ್ಗೆಟ್ ಅನ್ನೇ ಆರಿಸುತ್ತೇನೆ. ಮಾರ್ಚ್‌ನ ಲೆಕ್ಕ ಮುಗಿದು, ಆಡಿಟರ್ ನೋಡಿ ಹೋಗುವ ತನಕ ಹಳೆಯ ಪ್ರತಿ ಒಂದು ಕಡೆ ಇರುವುದರಿಂದ ಯಾರಿಗೂ ನಷ್ಟವಿಲ್ಲ.

ಫರ್ಗೆಟ್ ಆದ ಮೇಲೆ, ಮಷಿನ್‌ಗಳನ್ನು ಮಾಸ್ಟರ್‌ಗೆ ಸರಿಸಿ ಎರಡನೆಯ ಹೋಸ್ಟ್ ಅನ್ನು ಒಮ್ಮೆ ಮರುಚಾಲನೆ ಮಾಡಿದೆ. ಇಷ್ಟೆಲ್ಲ ಆದ ಮೇಲೆ ಅದೇಕೆ ಎಂದರೆ, ಬೂಟ್ ಆಗುವಾಗ ಹೋಸ್ಟ್ ತನಗೆ ಗೊತ್ತಿರುವ ಪಿಬಿಡಿಗಳನ್ನೆಲ್ಲ ಮತ್ತೆ ಸಿಕ್ಕಿಸಿಕೊಳ್ಳಲು ಯತ್ನಿಸುತ್ತದೆ, ಹಳೆಯದರ ನೆನಪು ಎಲ್ಲಾದರೂ ಉಳಿದಿದ್ದರೆ ಅದು ಆಗಲೇ ಹೊರಬರುತ್ತದೆ. ಈ ಪರೀಕ್ಷೆಯನ್ನು ಎನ್‌ಎಎಸ್‌ನ ಕೇಬಲ್ ಕಿತ್ತು ಮಾಡುವುದು ಒಳ್ಳೆಯದು. ಹೋಸ್ಟ್ ಎದ್ದಿತು, ಪಿಬಿಡಿ-ಲಿಸ್ಟ್‌ನಲ್ಲಿ ಇದ್ದವೆಲ್ಲ ಜೋಡಣೆಯಾಗಿವೆ ಎಂದೇ ತೋರಿಸಿದವು, ಎಸ್‌ಎಮ್‌ಲಾಗ್‌ನಲ್ಲಿ ಹಳೆಯ ವಿಳಾಸ ಕಾಣಲಿಲ್ಲ. ಮಾಸ್ಟರ್‌ಗೂ ಹೀಗೆಯೇ ಮಾಡಿ, ಅದು ಎದ್ದ ಮೇಲೆ ಮಷಿನ್‌ಗಳನ್ನು ಅವುಗಳ ಜಾಗಕ್ಕೆ ಹಂಚಿದೆ.

ಎನ್‌ಎಎಸ್ ಅನ್ನು ಅದರದೇ ಪುಟದಿಂದ ಶಟ್‌ಡೌನ್ ಮಾಡಿ, ನಾಲ್ಕೂ ಡಿಸ್ಕುಗಳ ಮೇಲೆ ಅವು ಕೂತಿದ್ದ ಜಾಗದ ಸಂಖ್ಯೆಯನ್ನು ಮಾರ್ಕರ್‌ನಲ್ಲಿ ಬರೆದೆವು. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ವಿಡಿಐ ಪಟ್ಟಿಯ ಮುದ್ರಿತ ಪ್ರತಿಯನ್ನೂ ಅದರಲ್ಲೇ ಹಾಕಿದೆವು. ಚಿಕ್ಕ ಯುಪಿಎಸ್‌ನಲ್ಲಿ ಈಗ ಸ್ವಿಚ್ ಒಂದೇ ಇದೆ. ಬ್ಯಾಕಪ್ ಕೆಲಸದ ಪಟ್ಟಿಯಲ್ಲಿ ಒಂದು ಜಾಬ್ ಇನ್ನೂ ಹಳೆಯ ಎಸ್‌ಆರ್ ಅನ್ನೇ ಪ್ರತಿಯ ಗುರಿಯಾಗಿ ಇಟ್ಟುಕೊಂಡಿತ್ತು. ಗುರಿಯನ್ನು ಬದಲಿಸಿ, ಕೈಯಿಂದ ಒಮ್ಮೆ ಓಡಿಸಿ, ಮುಗಿದ ಮೇಲೆ ಹೆಲ್ತ್ ಪುಟದಲ್ಲಿ ಕಂಟ್ರೋಲ್ ಡೊಮೈನ್‌ನ ಪಟ್ಟಿಯನ್ನು ತೆರೆದು ನೋಡಿದೆ, ಖಾಲಿ ಇತ್ತು. ಕರೆಂಟ್ ಹೋದ ರಾತ್ರಿಯ ಮರುದಿನ ಬೆಳಿಗ್ಗೆ ಆ ಪುಟವನ್ನು ಒಮ್ಮೆ ನೋಡುವಂತೆ ಕಚೇರಿಯ ಲೆಕ್ಕಪತ್ರ ವಿಭಾಗದವರಿಗೆ ತೋರಿಸಿಕೊಟ್ಟಿದ್ದೇನೆ.